ಸಾವಿರದ ಪಿಂಚಣಿ: ಬಸ್ಸಿಗೆಷ್ಟು, ಮಾತ್ರೆಗೆಷ್ಟು, ಮದುವೆಗೆಷ್ಟು?

ಮಂಗಳೂರು: ಮನೆಯಲ್ಲಿ ಅನ್ನಕ್ಕೆ ಕೊರತೆ ಇಲ್ಲ. ಮಗ ದುಡಿಯುತ್ತಾನೆ, ಸೊಸೆ ಬಡಿಸುತ್ತಾಳೆ, ಕರೆಂಟು ಬಿಲ್ಲು ಹೇಗೋ ಕಟ್ಟಿ ಆಗುತ್ತದೆ. ಆದರೆ ಅರುವತ್ತು ದಾಟಿದ ಅಜ್ಜನಿಗೆ ಒಮ್ಮೆ ಸ್ಟೇಟ್‌ಬ್ಯಾಂಕಿಗೆ ಹೋಗಿ ಬರಬೇಕೆಂದರೆ ಬಸ್ಸಿನ ದುಡ್ಡು ಯಾರ ಹತ್ತಿರ ಕೇಳುವುದು? ಮಗನ ಹತ್ತಿರ ಕೇಳಿದರೆ ಕೊಡುತ್ತಾನೆ. "ಎಂತಕ್ಕೆ?" ಎಂದು ಒಂದು ಮಾತೂ ಕೇಳುತ್ತಾನೆ. ಆ ಒಂದು ಮಾತು ಬೇಡವೆಂದೇ ಮನೆಯಲ್ಲಿ ಕೂತವರು ನಮ್ಮ ನಗರದಲ್ಲಿ ಎಷ್ಟೋ ಮಂದಿ ಇದ್ದಾರೆ.

ಕೈಖರ್ಚು ಎನ್ನುವುದು ಇದಕ್ಕೇ. ಮನೆಖರ್ಚು ಬೇರೆ, ಕೈಖರ್ಚು ಬೇರೆ. ಅಕ್ಕಿ, ತೆಂಗಿನೆಣ್ಣೆ, ಗ್ಯಾಸು ಮನೆಖರ್ಚಿಗೆ ಸೇರಿದ್ದು. ಚಾ, ಕ್ಷೌರ, ಎಲೆಯಡಿಕೆ, ಬಸ್ಸು, ಮೊಬೈಲ್ ರೀಚಾರ್ಜು, ದೇವಸ್ಥಾನದ ಕಾಣಿಕೆ ಅಥವಾ ಇಗರ್ಜಿಯ ಡಬ್ಬಿ, ಮೊಮ್ಮಗುವಿಗೆ ಒಂದು ಚಾಕಲೇಟು, ಬಿ.ಪಿ. ಮಾತ್ರೆ, ಮದುವೆ ಕಾಗದ ಬಂದರೆ ಒಂದು ಕವರು, ಇವೆಲ್ಲ ಕೈಖರ್ಚು. ಅಂಕಿ ಸಣ್ಣದು, ಲೆಕ್ಕ ಮಾತ್ರ ಮನೆಖರ್ಚಿಗಿಂತ ಕಷ್ಟದ್ದು. ಯಾಕೆಂದರೆ ಇದರಲ್ಲಿ ಮರ್ಯಾದೆಯ ಪ್ರಶ್ನೆ ಉಂಟು.

ಮಂಗಳೂರಿನಲ್ಲಿ ಈ ಲೆಕ್ಕ ಹಾಕುತ್ತಿರುವವರು ಯಾರು? ಸರಕಾರಿ ನೌಕರಿಯಿಂದ ಇಳಿದವರಿಗೆ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ ಲೆಕ್ಕದಲ್ಲಿ, ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರಿಗೂ ಭತ್ಯೆ ಉಂಟು; ಮೂಲ ಪಿಂಚಣಿಯನ್ನೇ ಪರಿಷ್ಕರಿಸಿ ಎಂಬ ಅವರ ಕೂಗು ಬೇರೆ ವಿಷಯ. ನಿಜವಾಗಿ ಚಿಲ್ಲರೆ ಎಣಿಸುತ್ತಿರುವವರು ಹೆಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಬೀಡಿ ಬ್ರಾಂಚು, ಮುದ್ರಣಾಲಯ, ಬಟ್ಟೆ ಅಂಗಡಿಗಳಲ್ಲಿ ಜೀವ ತೇಯ್ದವರು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಸಾಹೇಬರು ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿಗೆ ಕೂಲಿ, ಸಂಬಳ ಎಂಬ ಮಾತುಗಳು ರೂಢಿಯಾದವು. ಮಂಗಳೂರು ಹೆಂಚು ದೇಶವಿದೇಶದ ಮಾಡಿಗೆ ಏರಿತು. ಹೆಂಚು ಸುಟ್ಟವನ ಮುಪ್ಪಿನ ಮಾಡು ಎಂಥದು ಎಂದು ಕೇಳಿದರೆ ಉತ್ತರ ಭವಿಷ್ಯನಿಧಿಯ ಪಾಸ್‌ಬುಕ್ಕಿನಲ್ಲಿ ಉಂಟು.

ಇವರಿಗೆ ಬರುವುದು ನೌಕರರ ಪಿಂಚಣಿ ಯೋಜನೆ 1995ರ ದುಡ್ಡು. ಆ ವರ್ಷದ ನವೆಂಬರ್ 16ರಂದು ಜಾರಿಗೆ ಬಂದ ಯೋಜನೆ ಇದು. ಮಾಲಿಕರು ಭವಿಷ್ಯನಿಧಿಗೆ ಕಟ್ಟುವ ವಂತಿಗೆಯಲ್ಲಿ ಶೇಕಡಾ 8.33ನ್ನು ಪಿಂಚಣಿಗೆಂದು ತೆಗೆದಿಡುತ್ತಾರೆ, ಕೇಂದ್ರ ಸರಕಾರ ಶೇಕಡಾ 1.16 ಸೇರಿಸುತ್ತದೆ. ಕನಿಷ್ಠ ಹತ್ತು ವರ್ಷ ಸೇವೆ ಆಗಿರಬೇಕು, 58 ತುಂಬಬೇಕು. ಪಿಂಚಣಿ ಎಷ್ಟು ಎಂಬ ಸೂತ್ರ ಶಾಲೆ ಮಕ್ಕಳಿಗೂ ತಿಳಿಯುವಂಥದ್ದು: ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿ.

ಹಾಕಿ ನೋಡೋಣ. ಹದಿನೈದು ವರ್ಷ ಬೀಡಿ ಕಟ್ಟಿದ ಹೆಂಗಸಿನ ಲೆಕ್ಕದ ಸಂಬಳ ತಿಂಗಳಿಗೆ 3,000 ರೂ. ಎಂದು ಇಟ್ಟುಕೊಳ್ಳಿ. 3,000ವನ್ನು 15ರಿಂದ ಗುಣಿಸಿ 70ರಿಂದ ಭಾಗಿಸಿದರೆ 643 ರೂಪಾಯಿ. 2014ರ ಸೆಪ್ಟೆಂಬರ್ 1ರಿಂದ ಕನಿಷ್ಠ 1,000 ಎಂದು ನಿಗದಿಯಾದ್ದರಿಂದ ಆಕೆಗೆ ಸಾವಿರ ಸಿಗುತ್ತದೆ. ಅದೇ ವರ್ಷ ಸಂಬಳದ ಮಿತಿಯನ್ನು 6,500ರಿಂದ 15,000ಕ್ಕೆ ಏರಿಸಿದರು. 15,000 ಸಂಬಳ, 35 ವರ್ಷ ಸೇವೆ ಹಿಡಿದರೂ ಬರುವುದು 7,500. ಇದು ಮೇಲಿನ ತುದಿ. ಕೆಳಗಿನ ತುದಿ ಸಾವಿರ.

ಈ ಸಾವಿರಕ್ಕೆ ತುಟ್ಟಿಭತ್ಯೆ ಇಲ್ಲ. ಮುಖ್ಯವಾದ ಮಾತು ಇದೇ. 2014ರಲ್ಲಿ ಸಾವಿರ, 2025ರಲ್ಲಿಯೂ ಸಾವಿರ. ನಡುವೆ ಕೊರೋನಾ ಬಂದು ಹೋಯಿತು, ನಂದಿನಿ ಹಾಲು 2025ರ ಏಪ್ರಿಲ್ 1ರಂದು ಒಂದೇ ಏಟಿಗೆ ಲೀಟರಿಗೆ 4 ರೂ. ಏರಿತು, ಅದೇ ವರ್ಷ ತೆಂಗಿನೆಣ್ಣೆ ದರ ಕೇಳಿ ಗಿರಾಕಿಗಳು ಬಾಟ್ಲಿ ಕೆಳಗಿಟ್ಟು ಹೋದದ್ದನ್ನು ಅಂಗಡಿಯವರೇ ಕಂಡಿದ್ದಾರೆ. ಸಾವಿರ ಮಾತ್ರ ಅಲುಗಲಿಲ್ಲ. ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ 3,000 ಕೊಡಿ ಎಂದು ಹೇಳಿದ್ದು 2013ರಲ್ಲಿ. 7,500 ಮತ್ತು ತುಟ್ಟಿಭತ್ಯೆ ಬೇಕೆಂದು ಪಿಂಚಣಿದಾರರು ದಿಲ್ಲಿವರೆಗೂ ಹೋಗಿ ಧರಣಿ ಕೂತಿದ್ದಾರೆ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಹೆಚ್ಚಿನ ಪಿಂಚಣಿ ಬಗ್ಗೆ ಕೊಟ್ಟ ತೀರ್ಪು ದೊಡ್ಡ ಸಂಬಳದವರಿಗೆ ಬಾಗಿಲು ತೆರೆಯಿತೇ ವಿನಾ ಬೀಡಿ ಕಟ್ಟಿದವರಿಗೆ ಅದರಿಂದ ಆದ ಲಾಭ ಸೊನ್ನೆ.

ಒಂದು ವಿಚಿತ್ರ ನೋಡಿ. ರಾಜ್ಯ ಸರಕಾರದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ 2021ರಲ್ಲಿ ಆದ ಏರಿಕೆಯಂತೆ 1,200 ರೂ. ಉಂಟು. ಬೇರೆ ಪಿಂಚಣಿ ಬರುವವರಿಗೆ ಅದು ಇಲ್ಲ. ಅಂದರೆ ಹದಿನೈದು ವರ್ಷ ವಂತಿಗೆ ಕಟ್ಟಿಸಿದವಳಿಗೆ ಸಾವಿರ, ಏನೂ ಕಟ್ಟದವರಿಗೆ ಸಾವಿರದ ಇನ್ನೂರು! ಆ 1,200 ಪಡೆಯುವ ಬಡವರ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ, ಅದೂ ಸಾಲದು. ಆದರೆ ದುಡಿದು ಕಟ್ಟಿದ ದುಡ್ಡಿನ ಬೆಲೆ ಇಷ್ಟೇಯೋ ಎಂದು ಕೇಳಿದರೆ ಉತ್ತರಿಸುವವರು ಯಾರು?

ಬಸ್ಸು ಮೊದಲು, ಬಾಕಿದ್ದು ಆಮೇಲೆ

ಈಗ ಸಾವಿರವನ್ನು ಬಿಡಿಸಿ ಇಡೋಣ. ಕಾವೂರಿನಿಂದಲೋ ಕುಲಶೇಖರದಿಂದಲೋ ಹಂಪನಕಟ್ಟೆಗೆ ಹೋಗಿ ಬರಲು 40 ರೂ. ಎಂದು ಹಿಡಿಯಿರಿ. ವಾರಕ್ಕೆರಡು ಸಲ, ತಿಂಗಳಿಗೆ ಎಂಟು. 320 ಆಯಿತು. ಮಾತ್ರೆಗೆ 400. ಮೊಬೈಲಿಗೆ 200. ಚಾಕ್ಕೆ 150. ಕ್ಷೌರಕ್ಕೆ 120. ಕಾಣಿಕೆಗೆ 50. ಕೂಡಿಸಿದರೆ 1,240. ಈಗಲೇ 240 ಸಾಲ. ಮದುವೆ ಕಾಗದ ಇನ್ನೂ ಮನೆಗೆ ಬಂದಿಲ್ಲ, ಮೊಮ್ಮಗುವಿನ ಹುಟ್ಟುಹಬ್ಬವೂ ಬಂದಿಲ್ಲ.

ಬಸ್ಸಿನ ವಿಚಾರದಲ್ಲಿ ಮಂಗಳೂರಿನವರ ಹಣೆಬರಹವೇ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ರಾಜ್ಯದ ಹೆಂಗಸರಿಗೆಲ್ಲ ಸರಕಾರಿ ಬಸ್ಸು ಪುಕ್ಕಟೆ ಆಯಿತು. ಬೆಂಗಳೂರು, ಮೈಸೂರಿನ ಅಜ್ಜಿಯರು ಊರೆಲ್ಲ ಸುತ್ತಿ ಬಂದರು. ನಮ್ಮ ನಗರದೊಳಗೆ ಓಡುವುದು ಬಹುಪಾಲು ಖಾಸಗಿ ಸಿಟಿ ಬಸ್ಸು. ಅಲ್ಲಿ ಶಕ್ತಿ ಇಲ್ಲ. ಸರಕಾರಿ ನರ್ಮ್ ಬಸ್ಸು ಬರುವ ದಾರಿಯವರಿಗೆ ಅದೃಷ್ಟ, ಉಳಿದವರಿಗೆ ಕಂಡಕ್ಟರನ ಚೀಲ. ಸಾರಿಗೆ ನಿಗಮ 60 ದಾಟಿದವರಿಗೆ ಕೊಡುವ ಶೇಕಡಾ 25 ರಿಯಾಯಿತಿಯೂ ನಿಗಮದ ಬಸ್ಸು ಸಿಕ್ಕಿದರೆ ತಾನೆ? ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೋನಾ ನೆಪದಲ್ಲಿ ನಿಲ್ಲಿಸಿದ್ದು ಎಲ್ಲರಿಗೂ ನೆನಪುಂಟು.

ಹಾಗಾಗಿ ಅನುಭವಸ್ಥರು ಬಸ್ಸಿನ ಲೆಕ್ಕವನ್ನು ಬುದ್ಧಿವಂತಿಕೆಯಿಂದ ಹಾಕುತ್ತಾರೆ. ಬ್ಯಾಂಕಿನ ಕೆಲಸ, ಮಾತ್ರೆ ತರುವುದು, ವೆನ್ಲಾಕಿನಲ್ಲಿ ತೋರಿಸುವುದು, ಬಾವುಟಗುಡ್ಡೆಯ ಲೈಬ್ರರಿಯಲ್ಲಿ ಒಂದು ಗಂಟೆ ಪೇಪರು ಓದುವುದು, ಎಲ್ಲ ಒಂದೇ ದಿನಕ್ಕೆ. ಬಾವುಟಗುಡ್ಡೆಯಿಂದ ಸ್ಟೇಟ್‌ಬ್ಯಾಂಕಿಗೆ ಇಳಿಜಾರು, ನಡೆದರೆ ನಡಿಗೆಯೂ ಆಯಿತು. ಸ್ಟೇಟ್‌ಬ್ಯಾಂಕಿನಲ್ಲಿ ಹತ್ತಿದರೆ ಕೂರಲು ಸೀಟೂ ಸಿಗುತ್ತದೆ, ಜ್ಯೋತಿಯಲ್ಲಿ ಹತ್ತಿದರೆ ಕಂಬಿಯೇ ಗತಿ.

ಮೊಬೈಲಿನದ್ದು ಇನ್ನೊಂದು ಮೋಸ. ಸಂಬಳ, ಪಿಂಚಣಿ ಬರುವುದು ತಿಂಗಳಿಗೊಮ್ಮೆ, ಅಂದರೆ ವರ್ಷಕ್ಕೆ 12 ಸಲ. ರೀಚಾರ್ಜಿನ ತಿಂಗಳು 28 ದಿನದ್ದಾದರೆ ವರ್ಷಕ್ಕೆ 13 ಸಲ ಹಾಕಬೇಕು. 30 ದಿನದ ಯೋಜನೆಯೂ ಇರಲೇಬೇಕೆಂದು ದೂರಸಂಪರ್ಕ ಪ್ರಾಧಿಕಾರ 2022ರಲ್ಲಿ ಕಂಪೆನಿಗಳಿಗೆ ಹೇಳಿದೆ. ಅಂಗಡಿಯಲ್ಲಿ ಅದನ್ನು ಕೇಳಿ ಹಾಕಿಸುವವರು ಕಡಿಮೆ. ಕೇಳಬಹುದು.

ಅರ್ಧ ಸ್ಟ್ರಿಪ್ಪಿನ ಗಿರಾಕಿ

ದುಡ್ಡು ಕಡಿಮೆ ಬಿದ್ದಾಗ ಮುದುಕರು ಮೊದಲು ಕತ್ತರಿಸುವುದು ಯಾವುದನ್ನು? ಚಾ ಎಂದು ಯಾರಾದರೂ ಎಣಿಸಬಹುದು. ಮೆಡಿಕಲ್ ಅಂಗಡಿಯವರಿಗೆ ಗೊತ್ತು: ಕತ್ತರಿ ಬೀಳುವುದು ಮಾತ್ರೆಗೆ. ತಿಂಗಳ ಮೊದಲ ವಾರ ಪೂರ್ತಿ ಸ್ಟ್ರಿಪ್ಪು, ಇಪ್ಪತ್ತರ ನಂತರ "ಐದು ಮಾತ್ರೆ ಕೊಡಿ ಸಾಕು." ದಿನಕ್ಕೊಂದು ನುಂಗಬೇಕಾದ ಬಿ.ಪಿ. ಮಾತ್ರೆ ದಿನ ಬಿಟ್ಟು ದಿನಕ್ಕೆ ಇಳಿಯುತ್ತದೆ. ಮಗನಿಗೆ ಗೊತ್ತಾಗುವುದಿಲ್ಲ, ಸೊಸೆಗೂ ಗೊತ್ತಾಗುವುದಿಲ್ಲ. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದ ಮೇಲೆ ಆಂಬುಲೆನ್ಸಿನಲ್ಲಿ ಗೊತ್ತಾಗುತ್ತದೆ. ತಿಂಗಳಿಗೆ ನೂರು ರೂಪಾಯಿ ಉಳಿಸಿದ್ದಕ್ಕೆ ಆಸ್ಪತ್ರೆಯ ಬಿಲ್ಲು ಲಕ್ಷದಲ್ಲಿ.

70 ದಾಟಿದವರಿಗೆಲ್ಲ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ವಿಸ್ತರಿಸಿತು. ಅದು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ದಿನದಿನದ ಮಾತ್ರೆಗೆ ಆ ಕಾರ್ಡು ಪ್ರಯೋಜನಕ್ಕಿಲ್ಲ. ಬಿದ್ದ ಮೇಲೆ ಐದು ಲಕ್ಷ ಕೊಡುವವರು ಬೀಳದಂತೆ ನಾನೂರು ಕೊಡುವುದಿಲ್ಲ, ಇದು ನಮ್ಮ ವ್ಯವಸ್ಥೆಯ ಚಂದ.

ದಾರಿಯೇ ಇಲ್ಲವೆಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಸರಕಾರಿ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್ಕುಗಳಲ್ಲಿಯೂ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಪುಕ್ಕಟೆ ಕೊಡುವ ಕ್ರಮ ಉಂಟು. ಜನೌಷಧಿ ಕೇಂದ್ರದಲ್ಲಿ ಬ್ರಾಂಡಿನ ಔಷಧಿಗಿಂತ ಶೇಕಡಾ 50ರಿಂದ 80ರವರೆಗೆ ಕಡಿಮೆ ಎಂದು ಸರಕಾರವೇ ಹೇಳುತ್ತದೆ. ಡಾಕ್ಟರ ಚೀಟಿಯಲ್ಲಿ ಕಂಪೆನಿ ಹೆಸರಿನ ಜತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಂಡರೆ ಕೆಲಸ ಸುಲಭ. "ಕಡಿಮೆ ಬೆಲೆಯದ್ದು ನಾಟುವುದಿಲ್ಲ" ಎಂಬ ಮಾತು ನಮ್ಮ ಕಡೆ ಬಲವಾಗಿ ಉಂಟು. ಮೂರು ತಿಂಗಳು ನುಂಗಿ ಬಿ.ಪಿ. ನೋಡಿಸಿದರೆ ನಾಟಿತೋ ಇಲ್ಲವೋ ಯಂತ್ರವೇ ಹೇಳುತ್ತದೆ.

ಕವರು ಕಡಿಮೆ ಆಗುವಂತಿಲ್ಲ

ಮಾತ್ರೆ ಕತ್ತರಿಸಿದವರು ಮದುವೆಯ ಕವರು ಕತ್ತರಿಸುವುದಿಲ್ಲ. ಇದು ನಮ್ಮ ಜಿಲ್ಲೆಯ ಗುಣವೋ ದೋಷವೋ ಓದುಗರೇ ಹೇಳಬೇಕು. ನವೆಂಬರಿನಿಂದ ಮೇ ತನಕ ಬಿಡುವಿಲ್ಲ. ಮದುವೆ, ಗೃಹಪ್ರವೇಶ, ನಾಮಕರಣ, ಬ್ರಹ್ಮಕಲಶ, ನೇಮ, ಯಕ್ಷಗಾನ ಬಯಲಾಟದ ಸೇವೆ, ಕದ್ರಿ ಜಾತ್ರೆ, ಕೊಡಿಯಾಲ ತೇರು. ಕ್ರೈಸ್ತರಿಗೆ ರೋಸು, ಮದುವೆ, ವಾಳ್ಯದ ಹಬ್ಬ. ಮುಸ್ಲಿಮರಿಗೆ ರಮ್ಜಾನಿನ ದಾನಧರ್ಮ. ಕೈಯಲ್ಲಿ 101 ಇಟ್ಟು ಕೊಟ್ಟರೆ ಯಾರೂ ಏನೂ ಹೇಳುವುದಿಲ್ಲ. ಆದರೆ ಹಿಂದೆ ತಮ್ಮ ಮಗಳ ಮದುವೆಗೆ ಅವರು 501 ಕೊಟ್ಟದ್ದು ಪಟ್ಟಿಯಲ್ಲಿ ಬರೆದಿಟ್ಟದ್ದುಂಟಲ್ಲ! ಆ ಹಳೇ ನೋಟ್‌ಬುಕ್ಕನ್ನು ಕಪಾಟಿನಿಂದ ತೆಗೆದು ನೋಡಿಯೇ ಕವರಿಗೆ ಹಾಕುವುದು. ಸಾಲವೆಂದು ಯಾರೂ ಕರೆಯುವುದಿಲ್ಲ, ತೀರಿಸದೆ ಯಾರೂ ಇರುವುದಿಲ್ಲ.

ಇದಕ್ಕೆ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೂತಾಯಿ, ಬಂಗುಡೆಯ ರೇಟು ಕೇಳುವಂತಿಲ್ಲ. ಆದರೆ ಮೇ ತಿಂಗಳಲ್ಲೇ ಒಣಮೀನು ಡಬ್ಬಿಗೆ, ಹಲಸಿನ ಹಪ್ಪಳ ಅಟ್ಟಕ್ಕೆ, ಮಾವಿನಕಾಯಿ ಉಪ್ಪುನೀರಿಗೆ ಹೋಗಿರುತ್ತಿತ್ತು. ಆಟಿ ತಿಂಗಳ ಲೆಕ್ಕವನ್ನು ಬೇಸಿಗೆಯಲ್ಲೇ ಮುಗಿಸುತ್ತಿದ್ದರು. ಕೈಖರ್ಚಿಗೂ ಅದೇ ಕ್ರಮ ಹಿಡಿಯಬೇಕು. ಮದುವೆ ಖರ್ಚನ್ನು ತಿಂಗಳ ಲೆಕ್ಕದಲ್ಲಿ ಹಾಕಿದರೆ ಏಪ್ರಿಲ್ ತಿಂಗಳು ಮುಳುಗಿಸುತ್ತದೆ. ವರ್ಷಕ್ಕೆ ಹತ್ತು ಕಾಗದ, ಒಂದಕ್ಕೆ 200 ಎಂದರೆ 2,000. ಮಳೆಗಾಲದಿಂದಲೇ ತಿಂಗಳಿಗೆ 170 ರೂ. ಬೇರೆ ಡಬ್ಬಿಗೆ ಬಿದ್ದರೆ ಮುಗಿಯಿತು. ಆ 170 ಎಲ್ಲಿಂದ ಎಂಬುದು ಮಾತ್ರ ಪ್ರಶ್ನೆ.

ಸಣ್ಣ ಉಳಿತಾಯದ ಪಾಠ ಈ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. 1928ರಲ್ಲಿಯೇ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಸುರುಮಾಡಿ ಮನೆಬಾಗಿಲಿಗೇ ಬಂದು ದುಡ್ಡು ಎತ್ತಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು, ಅದೇ ದಿನ ಕಾರ್ಪೊರೇಶನ್ ಬ್ಯಾಂಕೂ ಯೂನಿಯನ್ ಬ್ಯಾಂಕಿಗೆ ಸೇರಿತು. ಪಿಗ್ಮಿ ಕಲೆಕ್ಟರ್ ಇಂದಿಗೂ ಅಂಗಡಿ ಅಂಗಡಿಗೆ ಬರುತ್ತಾನೆ, ದುಡಿಯುವವನಿಗಾಗಿ. ನಿವೃತ್ತನಿಗೆ ಬೇಕಾದದ್ದು ಉಲ್ಟಾ ಪಿಗ್ಮಿ: ದಿನಕ್ಕೆ ಇಷ್ಟೇ ಎಂದು ಕೊಡುವ ಕೈ. ಸಾವಿರವನ್ನು 30ರಿಂದ ಭಾಗಿಸಿದರೆ ದಿನಕ್ಕೆ 33 ರೂ. ಹೀಗೆ ದಿನದ ಲೆಕ್ಕ ಹಿಡಿದವರು ಹದಿನೈದನೇ ತಾರೀಕಿಗೆ ಖಾಲಿ ಆಗುವುದು ಕಡಿಮೆ.

ಒಟ್ಟು ಮೊತ್ತ ಎಲ್ಲಿ ಹೋಯಿತು?

ನಿವೃತ್ತಿಯ ದಿನ ಭವಿಷ್ಯನಿಧಿ, ಗ್ರಾಚ್ಯುಟಿ ಎಂದು ಒಟ್ಟಿಗೆ ಒಂದಿಷ್ಟು ಬರುತ್ತದೆ. ಮಗಳ ಮದುವೆಗೆ ಅರ್ಧ, ಮನೆ ರಿಪೇರಿಗೆ ಕಾಲು, ಮಗನ ಬೈಕಿಗೋ ವೀಸಾಕ್ಕೋ ಉಳಿದದ್ದು. ಅದರಲ್ಲಿ ಎರಡು ಲಕ್ಷವನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡವರ ಮುಪ್ಪು ಬೇರೆಯೇ. ಅಂಚೆಕಚೇರಿ, ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇಕಡಾ 8.2ಕ್ಕೆ ಏರಿತು. ಆ ದರದಲ್ಲಿ ಎರಡು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 4,100 ರೂ. ಬರುತ್ತದೆ, ತಿಂಗಳ ಲೆಕ್ಕದಲ್ಲಿ 1,366. ಕನಿಷ್ಠ ಪಿಂಚಣಿಗಿಂತ ಇದೇ ಹೆಚ್ಚು! ಮದುವೆಗೆ ಇನ್ನೊಂದು ಬಗೆ ಪಾಯಸ ಮಾಡಿಸುವ ಮೊದಲು ಈ ಅಂಕಿ ಒಮ್ಮೆ ನೆನಪಾದರೆ ಒಳ್ಳೆಯದು.

ಹೆಚ್ಚು ಬಡ್ಡಿಯ ಆಸೆಗೆ ಸೊಸೈಟಿಗಳಲ್ಲಿ ಇಡುವವರೂ ಇದ್ದಾರೆ. ಚೆನ್ನಾಗಿ ನಡೆಯುವ ಸೊಸೈಟಿಗಳು ನಮ್ಮಲ್ಲಿ ಬೇಕಾದಷ್ಟುಂಟು. ಆದರೆ ಬ್ಯಾಂಕು ಮುಳುಗಿದರೆ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆ, 2020ರ ಫೆಬ್ರವರಿಯಿಂದ ಇರುವ ಮಿತಿಯಂತೆ, ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಎಂದಿದೆಯೋ ಸಂಘ ಎಂದಿದೆಯೋ ನೋಡಿ ಒಳಗೆ ಹೋಗುವುದು ಕ್ಷೇಮ.

ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಕಡಿಯುವ ಬ್ಯಾಂಕುಗಳ ಕಾಟವೂ ಇತ್ತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇದೇ ಮಂಗಳೂರಿನಲ್ಲಿ ಹುಟ್ಟಿಸಿದ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಆ ದಂಡ ತೆಗೆದುಹಾಕಿತು. ಬೇರೆ ಬ್ಯಾಂಕಿನಲ್ಲಿ ಪಿಂಚಣಿ ಬರುವವರು ಪಾಸ್‌ಬುಕ್ ಎಂಟ್ರಿ ಮಾಡಿಸಿ, ದುಡ್ಡು ಯಾವುದಕ್ಕೆ ಕಡಿದದ್ದು ಎಂದು ಕೌಂಟರಿನಲ್ಲಿ ಕೇಳಬಹುದು. ಕೇಳಿದರೆ ಯಾರೂ ಹೊಡೆಯುವುದಿಲ್ಲ.

ಹೆಂಗಸರ ಕೈಗೆ ಗೃಹಲಕ್ಷ್ಮಿಯ 2,000 ಬಂದದ್ದು 2023ರ ಆಗಸ್ಟಿನಿಂದ. ಕಂತು ತಡವಾದ ತಿಂಗಳೂ ಉಂಟು. ರೇಶನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ ಅದು. ಅತ್ತೆಯ ಹೆಸರಿದ್ದರೆ ಅತ್ತೆಗೆ ಕೈಖರ್ಚು, ಸೊಸೆಯ ಹೆಸರಿದ್ದರೆ ಮನೆಖರ್ಚು. ಯಜಮಾನಿಯ ಹೆಸರು ಬದಲಿಸುವ ವಿಚಾರ ಎಷ್ಟು ಅಡುಗೆಮನೆಗಳಲ್ಲಿ ಮೌನಕ್ಕೆ ಕಾರಣವಾಗಿದೆ ಎಂಬುದನ್ನು ಇಲ್ಲಿ ಬರೆಯದಿರುವುದೇ ವಾಸಿ.

ಕೊನೆಗೆ ತಾರೀಕಿನ ಒಂದು ವಿಷಯ. ಇಷ್ಟೆಲ್ಲ ಲೆಕ್ಕ ಹಾಕುವ ಸಾವಿರ ರೂಪಾಯಿ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ನಿಂತುಹೋಗುತ್ತದೆ. ಸರಕಾರಿ ಪಿಂಚಣಿದಾರರಂತೆ ನವೆಂಬರಿಗೇ ಓಡಬೇಕೆಂದು ಈ ಪಿಂಚಣಿಗೆ ಇಲ್ಲ. ಯಾವಾಗ ಕೊಟ್ಟರೂ ಕೊಟ್ಟ ದಿನದಿಂದ ಒಂದು ವರ್ಷ ಬಾಳುತ್ತದೆ. ಬೀಡಿ ಕಟ್ಟಿ, ಗೇರುಬೀಜ ಸುಲಿದು ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಗುರುತಿಸದೆ ಹೋದರೆ ಮುಖ ತೋರಿಸಿ ಕೊಡುವ ವ್ಯವಸ್ಥೆ 2021ರಿಂದ ಉಂಟು, ಮೊಮ್ಮಕ್ಕಳ ಮೊಬೈಲು ಸಾಕು. ನಡೆಯಲಾಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುವ ಸೇವೆಯನ್ನು ಈ ಪಿಂಚಣಿದಾರರಿಗೆ ಪುಕ್ಕಟೆ ಮಾಡಲು 2025ರ ನವೆಂಬರಿನಲ್ಲಿ ಭವಿಷ್ಯನಿಧಿ ಸಂಸ್ಥೆ ಅಂಚೆ ಪೇಮೆಂಟ್ಸ್ ಬ್ಯಾಂಕಿನೊಡನೆ ಒಪ್ಪಂದ ಮಾಡಿಕೊಂಡಿತು. ಕಳೆದ ವರ್ಷ ಯಾವ ತಾರೀಕಿಗೆ ಕೊಟ್ಟದ್ದೆಂದು ಮರೆತವರು ಹೈಲ್ಯಾಂಡ್ಸಿನ ಭವಿಷ್ಯನಿಧಿ ಕಚೇರಿಯಲ್ಲಿ ಪಿಂಚಣಿ ನಂಬ್ರ ಹೇಳಿ ವಿಚಾರಿಸಬಹುದು. ಹೋಗುವ ದಿನವೇ ಮಾತ್ರೆಯನ್ನೂ ತಂದರೆ ಒಂದು ಬಸ್ಸಿನ ದುಡ್ಡು ಉಳಿಯಿತು.